ಸಹಾಯ ಬೇಕು: ಈ ಮರಗಳ ಚಿತ್ರಗಳು ಹಳೇ ಕಲ್ಲಚ್ಚಾ (ಕಲ್ಲಿನ ಮೇಲೆ ಬರೆದು ತೆಗೆದ ಅಚ್ಚು, ಲಿಥೋಗ್ರಾಫ್), ಮರುಮುದ್ರಣವಾ?

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಕಾಡುಮರಗಳ ಒಂಬತ್ತು ಬಿಡಿ ಚಿತ್ರಗಳು ಸಿಕ್ಕಿವೆ. ಬರೀ ಕಪ್ಪು ಗೆರೆಯವು: ಎಲೆ, ಹೂವು, ಸೀಳಿದ ಕಾಯಿ. ಅಂಚನ್ನು ಗೆದ್ದಲು ತಿಂದಿದೆ, ಮುಖಪುಟ ಇಲ್ಲವೇ ಇಲ್ಲ. ಒಂದರಲ್ಲಿ ಹೋಪಿಯ ಪಾರ್ವಿಫ್ಲೋರ ಎಂದಿದೆ, ನಮ್ಮ ಕಿರಾಲುಬೋಗಿ ಮರ ಅಲ್ವಾ? ಬ್ರಿಟಿಷ್ ಕಾಲದ ಅರಣ್ಯಾಧಿಕಾರಿ ಬೆಡೋಮ್ ಅವರ ‘ಫ್ಲೋರಾ ಸಿಲ್ವಾಟಿಕಾ’ ಪುಸ್ತಕದ್ದು (1869–74) ಅಂತ ನನ್ನ ಊಹೆ. ಇಂಟರ್ನೆಟ್‌ನಲ್ಲಿರುವ ಸ್ಕ್ಯಾನ್ ಜೊತೆ ಹೋಲಿಸಿದೆ, ಥೇಟ್ ಅದೇ. ಆದರೆ ಮರುಮುದ್ರಣದಲ್ಲೂ ಚಿತ್ರ ಅದೇ ಇರುತ್ತಲ್ಲ! ಈಗಿನ ಆಫ್‌ಸೆಟ್ ಮುದ್ರಣದಲ್ಲಿ ಫೋಟೋಗಳು ಸಣ್ಣ ಚುಕ್ಕಿಗಳಾಗಿ ಅಚ್ಚಾಗುತ್ತವಲ್ಲ, ಭೂತಗನ್ನಡಿಯಲ್ಲಿ ಅಂಥ ಚುಕ್ಕಿಗಳು ಕಾಣಲಿಲ್ಲ. ಆದರೆ ಗೆರೆಚಿತ್ರವನ್ನು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿದರೂ ಚುಕ್ಕಿ ಬರುವುದಿಲ್ಲ. ತಾಮ್ರದ ತಗಡಿನಿಂದ ಅಚ್ಚು ಹಾಕಿದರೆ ಕಾಗದದ ಮೇಲೆ ತಗಡಿನ ಅಂಚಿನ ಒತ್ತುಗುರುತು ಬೀಳುತ್ತದೆ, ಕಲ್ಲಚ್ಚಿನಲ್ಲಿ ಅದೂ ಬೀಳುವುದಿಲ್ಲ. ಇಲ್ಲೇ ಸಿಕ್ಕಿಬಿದ್ದಿದ್ದೇನೆ. ಕಾಗದವೋ, ಶಾಯಿಯೋ, ಏನನ್ನು ನೋಡಿ ಇದು ಹಳೇ ಕಲ್ಲಚ್ಚೇ ಅಂತ ಹೇಳಬಹುದು? ಬೆಂಗಳೂರಿನಲ್ಲಿ ಕೈಯಲ್ಲಿ ಹಿಡಿದು ನೋಡಿ ಹೇಳುವವರು ಯಾರಾದರೂ ಇದ್ದಾರಾ?