ದೊಡ್ಡಪ್ಪನ ಫಾರ್ವರ್ಡ್, ಚಿಕ್ಕಪ್ಪನ ಗೋಲು

ನಮ್ಮ ಕುಟುಂಬದ ಗುಂಪಿಗೆ ದೊಡ್ಡಪ್ಪ ಹಾಕಿದ ಫಾರ್ವರ್ಡ್ ಹೀಗಿತ್ತು:

"ಪ್ರತಿಯೊಬ್ಬ ಭಾರತೀಯನೂ ಓದಲೇಬೇಕು!! 2026ರ ಫುಟ್‌ಬಾಲ್ ವಿಶ್ವಕಪ್‌ಗೆ 48 ದೇಶಗಳು. ಒಂದೂವರೆ ಲಕ್ಷ ಜನರಿರುವ ಕುರಸಾವೊಗೆ ಜಾಗ ಇದೆ. 140 ಕೋಟಿ ಜನರ ಭಾರತಕ್ಕೆ ಇಲ್ಲ! ಯಾಕೆ ಗೊತ್ತಾ? 1950ರಲ್ಲಿ ನಮ್ಮವರು ಬರಿಗಾಲಲ್ಲಿ ಆಡುತ್ತೇವೆ ಅಂದಿದ್ದಕ್ಕೆ ಫಿಫಾ ನಮ್ಮನ್ನು ಶಾಶ್ವತವಾಗಿ ಹೊರಗಿಟ್ಟಿತು. ಈಗ ದುಡ್ಡಿದ್ದವರಿಗೆ ನೇರ ಪ್ರವೇಶ, ಉಳಿದವರಿಗೆ ಚೀಟಿ ಎತ್ತುತ್ತಾರೆ. ಟಿವಿಯವರು ಇದನ್ನು ತೋರಿಸಲ್ಲ. ಶೇರ್ ಮಾಡಿ."

ಮೊದಲ ಮೂರು ಸಾಲು ನಿಜ. ತೊಂದರೆ ಇರುವುದೇ ಅಲ್ಲಿ. ಮುಂದಿನದ್ದನ್ನು ಅನುಮಾನಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಅದೇ ನಿಮಿಷದಲ್ಲಿ ಚಿಕ್ಕಮ್ಮ ಕೈಮುಗಿದ ಚಿತ್ರ ಹಾಕಿದರು. ಅಷ್ಟು ಬೇಗ ಅದನ್ನು ಯಾರೂ ಓದಲಾರರು. ಆಮೇಲೆ ಅಕ್ಕನ ಮಗ ಬಂದ.

ಅಕ್ಕನ ಮಗ: ಮೂಲ ಯಾವುದು?

ಗುಂಪಿನಲ್ಲಿ ಅವನ ಕೆಲಸವೇ ಇದು. ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಬರುತ್ತೆ, ಮೊಬೈಲ್ ಆಫ್ ಮಾಡಿ ಅನ್ನೋ ಸಂದೇಶಕ್ಕೂ ಮೂಲ ಕೇಳಿದ್ದ. ಅವತ್ತಿನಿಂದ ದೊಡ್ಡಪ್ಪನಿಗೆ ಅವನ ಮೇಲೆ ಒಂದು ಕಣ್ಣು.

ದೊಡ್ಡಪ್ಪ: ಎಲ್ಲದಕ್ಕೂ ಮೂಲ ಕೇಳಬಾರದು. ಹಿರಿಯರು ಕಳಿಸಿದ್ದಾರೆ ಅಂದರೆ ಯೋಚನೆ ಮಾಡಿಯೇ ಕಳಿಸಿರುತ್ತಾರೆ.

ಅಕ್ಕನ ಮಗ: ಇದನ್ನು ನೀವೇ ಬರೆದಿದ್ದಾ ತಾತ?

ದೊಡ್ಡಪ್ಪ: ಯಾರು ಬರೆದರು ಅನ್ನೋದು ಮುಖ್ಯ ಅಲ್ಲ. ಅದರ ಹಿಂದಿನ ನೋವು ಮುಖ್ಯ.

ಅಕ್ಕನ ಮಗ: ನೋವು ಸರಿ, ಲೆಕ್ಕ ತಪ್ಪು. ವಿಶ್ವಕಪ್‌ಗೆ ಎಲ್ಲ ದೇಶಗಳಿಗೂ ಸೇರಿಸಿ ಒಂದೇ ಪರೀಕ್ಷೆ ಇಲ್ಲ. ಪ್ರದೇಶವಾರು ಆರು ಫುಟ್‌ಬಾಲ್ ಒಕ್ಕೂಟಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಪಂದ್ಯಾವಳಿ. ಸೀಟು ಮೊದಲೇ ಹಂಚಿರುತ್ತಾರೆ. ಯುರೋಪಿಗೆ 16, ಆಫ್ರಿಕಾಗೆ 9, ಏಷ್ಯಾಗೆ 8, ದಕ್ಷಿಣ ಅಮೆರಿಕಕ್ಕೆ 6, ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ಸೇರಿಸಿ 6, ಓಷಿಯಾನಿಯಾಗೆ 1. ಕುರಸಾವೊ ಕೆರಿಬಿಯನ್‌ನದ್ದು, ನಾವು ಏಷ್ಯಾದವರು. ಅವರ ಸೀಟಿಗೂ ನಮಗೂ ಸಂಬಂಧವೇ ಇಲ್ಲ.

ಅತ್ತಿಗೆ: ಕೂಡಿಸಿ ನೋಡಿದೆ. 46 ಬಂತು. ಇನ್ನೆರಡು ಎಲ್ಲಿ?

ಇಡೀ ದಿನದ ಚರ್ಚೆಯಲ್ಲಿ ಎದುರಿನವರು ಬರೆದದ್ದನ್ನು ಓದಿ ಕೇಳಿದ ಪ್ರಶ್ನೆ ಇದೊಂದೇ. ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಟೈಪ್ ಮಾಡುತ್ತಿದ್ದರು.

ಚಿಕ್ಕಪ್ಪ: ಅಣ್ಣ ಹಾಕಿದ್ದು ಪೂರ್ತಿ ಸುಳ್ಳೇನೂ ಅಲ್ಲ. ದುಡ್ಡಿದ್ದವರಿಗೆ ನೇರ ಪ್ರವೇಶ ಇದೆ. ಅಮೆರಿಕ, ಕೆನಡಾ, ಮೆಕ್ಸಿಕೊ ಒಂದಾದರೂ ಅರ್ಹತಾ ಪಂದ್ಯ ಆಡಿದವಾ?

ದೊಡ್ಡಪ್ಪ: ನೀನು ನನ್ನ ಪರ ಮಾತಾಡಬೇಡ. ಹೋದ ಸಲ ನನ್ನ ಪರ ಮಾತಾಡಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತಿಲ್ಲ. ನಮ್ಮ ತಲೆಮಾರಿನ ಯಾರಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಅಕ್ಕನ ಮಗ: ಚಿಕ್ಕ ತಾತ, ಅವರು ಮೂವರೂ ಆತಿಥೇಯರು. ಆತಿಥೇಯರಿಗೆ ನೇರ ಪ್ರವೇಶ ಕೊಡೋದು ಹಳೆಯ ಪದ್ಧತಿ. ಆದರೆ ಆ ಮೂರೂ ಸೀಟು ಅವರದ್ದೇ ಪ್ರದೇಶದ ಆರರಲ್ಲಿ ಹೋದವು. ಉಳಿದ ಮೂರಕ್ಕೆ ಬೇರೆಯವರು ಬಡಿದಾಡಿದರು. ಪನಾಮಾ, ಹೈಟಿ, ಕುರಸಾವೊ ಗೆದ್ದವು. ದೊಡ್ಡವರು ಮೂವರು ದಾರಿಗೆ ಅಡ್ಡ ಬರಲಿಲ್ಲ ಅನ್ನೋದು ಕುರಸಾವೊದ ಅದೃಷ್ಟ. ಆದರೆ ಅದೃಷ್ಟ ಅಷ್ಟೇ ಅಲ್ಲ. ಕೊನೆಯ ಸುತ್ತಿನಲ್ಲಿ ಅವರು ಒಂದೂ ಪಂದ್ಯ ಸೋತಿಲ್ಲ. 2025ರ ನವೆಂಬರ್ 18ರಂದು ಜಮೈಕಾಗೇ ಹೋಗಿ 0-0 ಡ್ರಾ ಮಾಡಿಕೊಂಡು ಬಂದರು. ವಿಶ್ವಕಪ್‌ಗೆ ಅರ್ಹತೆ ಪಡೆದವರಲ್ಲಿ ಅಷ್ಟು ಕಡಿಮೆ ಜನಸಂಖ್ಯೆಯ ದೇಶ ಹಿಂದೆ ಯಾವುದೂ ಇಲ್ಲ.

ಅವನು ಇಷ್ಟು ಬರೆಯುವಷ್ಟರಲ್ಲಿ ಅತ್ತೆಯ ಮಗ 'ಬರಿಗಾಲು' ಅನ್ನುವ ಒಂದು ಪದ ಹಿಡಿದುಕೊಂಡು ಎಲ್ಲಿಗೋ ಹೋಗಿದ್ದ.

ಅತ್ತೆಯ ಮಗ: ಬರಿಗಾಲು ಅಂದಾಗ ನೆನಪಾಯ್ತು. ರಜೆಯಲ್ಲಿ ಅಂಗಳದಲ್ಲಿ ಆಡ್ತಿದ್ವಲ್ಲ! ಎಲ್ಲರೂ ಚಪ್ಪಲಿ ಬಿಟ್ಟು ಅದನ್ನೇ ಗೋಲ್‌ಪೋಸ್ಟ್ ಮಾಡ್ತಿದ್ವಿ. ಚೆಂಡಿಗೆ ಅರ್ಧ ಗಾಳಿ. ದೊಡ್ಡಮಾವನೇ ಗೋಲಿ. ಯಾರಾದರೂ ಜಾಸ್ತಿ ಗೋಲು ಹೊಡೆದರೆ ಚಪ್ಪಲಿ ಬೇಕು ಅಂತ ಒಂದು ಪೋಸ್ಟ್ ಎತ್ತಿಕೊಂಡು ಹೋಗಿಬಿಡೋರು.

ಚಿಕ್ಕಮ್ಮ ನಗುವ ಚಿತ್ರ ಹಾಕಿದರು. ಅತ್ತೆಯೂ ಹಾಕಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಅತ್ತೆಯ ಮಗ: ಚಿಕ್ಕಮಾವನ ಆ ಗೋಲು ನೆನಪಿದೆಯಾ? ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕಾಲಲ್ಲಿ ಒಳಗೆ ಎಳೆದು ಹೊಡೆದರು.

ಚಿಕ್ಕಪ್ಪ: ಚೆಂಡು ಒಳಗಿತ್ತು.

ದೊಡ್ಡಪ್ಪ: ಹೊರಗಿತ್ತು.

ಚಿಕ್ಕಪ್ಪ: ನೀನು ಗೋಲಿ. ನಿನಗೆ ಕಾಣೋಕೆ ಸಾಧ್ಯವೇ ಇರಲಿಲ್ಲ.

ದೊಡ್ಡಪ್ಪ: ಗೆರೆ ಎಳೆದವನೇ ನಾನು!

ಇದಾದ ಮೇಲೆ ಕೋಲಲ್ಲಿ ಎಳೆದ ಗೆರೆ ನೇರ ಇತ್ತೋ ಸೊಟ್ಟಗಿತ್ತೋ ಅನ್ನುವುದರ ಮೇಲೆ ಸುಮಾರು ಹೊತ್ತು ಚರ್ಚೆ ನಡೆಯಿತು. ಫಿಫಾ ಯಾರಿಗೂ ನೆನಪಿರಲಿಲ್ಲ. ತಮಾಷೆಯೆಂದರೆ ವಿಷಯಕ್ಕೆ ವಾಪಸ್ ಬರುವ ದಾರಿ ಇದರಲ್ಲೇ ಇತ್ತು.

ಅಕ್ಕನ ಮಗ: ಇಬ್ಬರೂ ತಾತಂದಿರು ಇದನ್ನು ಓದಿ. ಇದೇ ಥರದ ಗೋಲು ನಮಗೂ ಆಗಿದೆ. 2024ರ ಜೂನ್ 11, ದೋಹಾ, ಈ ವಿಶ್ವಕಪ್‌ನ ಅರ್ಹತಾ ಎರಡನೇ ಸುತ್ತಿನಲ್ಲಿ ಕತಾರ್ ವಿರುದ್ಧ ನಮ್ಮ ಕೊನೆಯ ಗುಂಪು ಪಂದ್ಯ. ನಮ್ಮ ಛಾಂಗ್ಟೆ 37ನೇ ನಿಮಿಷಕ್ಕೆ ಗೋಲು ಹೊಡೆದು ನಾವು ಮುಂದಿದ್ದೆವು. ಗೆದ್ದಿದ್ದರೆ ಮೂರನೇ ಸುತ್ತು. 73ನೇ ನಿಮಿಷದಲ್ಲಿ ನಮ್ಮ ಗೋಲಿ ಗುರ್‌ಪ್ರೀತ್ ತಡೆದ ಚೆಂಡು ಉರುಳಿ ಗೆರೆ ದಾಟಿತು. ನಮ್ಮವರು ಸೀಟಿ ಊದುತ್ತಾರೆ ಅಂತ ನಿಂತರು. ಕತಾರ್‌ನವನು ಅದನ್ನು ಒಳಗೆ ಎಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ. ಆ ಸುತ್ತಿನಲ್ಲಿ ವಿಡಿಯೊ ರೆಫರಿ ಇರಲಿಲ್ಲ. ಗೋಲು ಕೊಟ್ಟೇಬಿಟ್ಟರು. ಆಮೇಲೆ ಇನ್ನೊಂದು ಗೋಲು ಬಿತ್ತು, 1-2.

ದೊಡ್ಡಪ್ಪ: ನೋಡಿದ್ಯಾ, ಅನ್ಯಾಯ ಆಗಿದೆ ಅಂತ ನಾನು ಬೆಳಗ್ಗೆಯಿಂದ ಹೇಳ್ತಾ ಇರೋದು ಅದನ್ನೇ.

ಅವರು ಬೆಳಗ್ಗೆಯಿಂದ ಹೇಳುತ್ತಿದ್ದದ್ದು ಬರಿಗಾಲಿನ ವಿಷಯ. ಸಿಟ್ಟಾಗಲು ಕಣ್ಣೆದುರಿಗೆ ನಿಜವಾದ ಕಾರಣ ಇದ್ದರೂ ಫಾರ್ವರ್ಡ್ ಬರೆದವನಿಗೆ 1950ನೇ ಇಸವಿಯೇ ಬೇಕಾಯಿತು. ಇನ್ನೂ ಒಂದು ಮಾತು. ದೋಹಾದ ಆ ಚೆಂಡಿನ ಬಗ್ಗೆ ಕೊರಗುವವರು ಗುವಾಹಟಿಯನ್ನು ಸುಲಭವಾಗಿ ಮರೆಯುತ್ತಾರೆ. ಅದೇ ವರ್ಷ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ವಿರುದ್ಧ ನಮ್ಮದೇ ನೆಲದಲ್ಲಿ, ನಾಯಕ ಛೆಟ್ರಿಯ ಪೆನಾಲ್ಟಿಯಿಂದ ಮುಂದೆ ಹೋಗಿಯೂ 1-2ರಲ್ಲಿ ಸೋತೆವು. ಅಲ್ಲಿ ಚೆಂಡು ಯಾವ ಗೆರೆಯನ್ನೂ ಕಳ್ಳತನದಲ್ಲಿ ದಾಟಿರಲಿಲ್ಲ. ನಾನು ಇದನ್ನು ಟೈಪ್ ಮಾಡಿ ಅಳಿಸಿದೆ. ನನ್ನ ಪಾತ್ರ ಸುಮ್ಮನೆ ಓದುವುದು.

ಚಿಕ್ಕಪ್ಪ: ಅಂದರೆ ಕತಾರ್‌ನವರು ಮಾಡಿದ್ದು ಮೋಸ, ಒಪ್ಪುತ್ತೇನೆ. ನನ್ನದು ಮಾತ್ರ ಒಳಗಿತ್ತು.

ದೊಡ್ಡಪ್ಪ ಇದಕ್ಕೆ ಉತ್ತರಿಸಲಿಲ್ಲ. ಉಪದೇಶಕ್ಕೆ ಇಳಿದರು.

ದೊಡ್ಡಪ್ಪ: ಆ ಕಾಲದವರು ಬರಿಗಾಲಲ್ಲಿ ಆಡಿ ದೇಶದ ಮಾನ ಉಳಿಸಿದರು. ಈಗಿನವರಿಗೆ ಶೂ ಇದೆ, ಛಲ ಇಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡಿ ಅಂತ ಕಳಿಸಿದರೆ ಮೂಲ ಕೇಳುತ್ತಾರೆ.

ಅಕ್ಕನ ಮಗ: ತಾತ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿ ಫ್ರಾನ್ಸ್ ಎದುರು 1-2ರಲ್ಲಿ ಸೋತಿದ್ದು ನಿಜ, ಹೆಮ್ಮೆಯ ವಿಷಯವೇ. ಆದರೆ 1950ರಲ್ಲಿ ನಮ್ಮನ್ನು ಯಾರೂ ಹೊರಗಿಟ್ಟಿಲ್ಲ. ನಮ್ಮ ಗುಂಪಿನಲ್ಲಿದ್ದ ಬೇರೆಯವರು ಹಿಂದೆ ಸರಿದರು, ನಾವು ಒಂದೂ ಪಂದ್ಯ ಆಡದೆ ಅರ್ಹತೆ ಪಡೆದೆವು. ಆಮೇಲೆ ನಾವೇ ಬ್ರೆಜಿಲ್‌ಗೆ ಹೋಗಲಿಲ್ಲ. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಇಲ್ಲ ಅಂತ ನಮ್ಮ ಫುಟ್‌ಬಾಲ್ ಫೆಡರೇಷನ್ನೇ ಹೇಳಿತ್ತು. ಬರಿಗಾಲಿಗಾಗಿ ಶಾಶ್ವತವಾಗಿ ಓಡಿಸಿದ್ದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬರಿಗಾಲಲ್ಲಿ ಆಡಿದ್ದು ಹೇಗೆ? ಯುಗೊಸ್ಲಾವಿಯಾ 10-1 ಹೊಡೆಯಿತು ಅನ್ನೋದು ಬೇರೆ ಮಾತು. ಮತ್ತೆ 'ಶಾಶ್ವತವಾಗಿ' ಅಂದರೆ ಏನು? 1985ರಲ್ಲೇ ನಾವು ಅರ್ಹತಾ ಪಂದ್ಯ ಆಡಿದ್ದೇವೆ, 1990ರ ವಿಶ್ವಕಪ್ ಒಂದನ್ನು ಬಿಟ್ಟರೆ ಆಮೇಲೆ ಪ್ರತಿ ಸಲವೂ ಆಡಿದ್ದೇವೆ.

ದೊಡ್ಡಪ್ಪ: ಅಂದರೆ ನಾವು ಆಡದೆ ಗೆದ್ದವರು ಅಂತ ಹೇಳ್ತಿದ್ದೀಯಾ? ಹಿರಿಯರಿಗೆ ಇದಕ್ಕಿಂತ ಅವಮಾನ ಬೇಕಾ?

ಅಕ್ಕನ ಮಗ: ಅವಮಾನ ಅಲ್ಲ ತಾತ, ಆಗ ಹಾಗೆ ನಡೆಯುತ್ತಿತ್ತು. 1958ರ ಕಥೆ ಕೇಳಿ. ಇಸ್ರೇಲ್ ಜೊತೆ ಆಡೋಕೆ ಯಾರೂ ಒಪ್ಪಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹಿಂದೆ ಸರಿದರು. ಆತಿಥೇಯರು, ಹಿಂದಿನ ಚಾಂಪಿಯನ್ ಬಿಟ್ಟು ಬೇರೆ ಯಾರೂ ಒಂದೂ ಪಂದ್ಯ ಆಡದೆ ವಿಶ್ವಕಪ್‌ಗೆ ಬರಬಾರದು ಅಂತ ಫಿಫಾ ಹಟ ಹಿಡಿಯಿತು. ಸೋತು ಎರಡನೇ ಸ್ಥಾನದಲ್ಲಿದ್ದ ತಂಡಗಳ ಹೆಸರು ಹಾಕಿ ಚೀಟಿ ಎತ್ತಿದರು. ಮೊದಲು ಬೆಲ್ಜಿಯಂ ಬಂತು, ಬೇಡ ಅಂದಿತು. ಆಮೇಲೆ ವೇಲ್ಸ್ ಬಂತು. ಇಸ್ರೇಲ್ ವಿರುದ್ಧ ಎರಡೂ ಪಂದ್ಯ 2-0 ಗೆದ್ದು ಸ್ವೀಡನ್‌ಗೆ ಹೋಗಿ ಕ್ವಾರ್ಟರ್ ಫೈನಲ್‌ವರೆಗೆ ತಲುಪಿತು. ಅಲ್ಲಿ 17 ವರ್ಷದ ಪೆಲೆ ಹೊಡೆದ ಒಂದೇ ಗೋಲಿಗೆ ಸೋತರು.

ನನಗೆ ಈ ಕಥೆ ಗೊತ್ತಿರಲಿಲ್ಲ. ಮನೆಗೆ ಹೋಗಿದ್ದ ತಂಡವನ್ನು ಚೀಟಿ ಎತ್ತಿ ವಾಪಸ್ ಕರೆದದ್ದು, ಕರೆದವರನ್ನು ಪೆಲೆ ಮನೆಗೆ ಕಳಿಸಿದ್ದು! ಗುಂಪಿನಲ್ಲಿ ಯಾರಾದರೂ 'ಹೌದಾ' ಅಂತಾದರೂ ಅನ್ನಬಹುದು ಅಂದುಕೊಂಡೆ.

ಚಿಕ್ಕಪ್ಪ: ಚೀಟಿ ಎತ್ತಿದರು ಅಂತ ನೀನೇ ಒಪ್ಪಿದೆ. ಅಣ್ಣನ ಫಾರ್ವರ್ಡ್‌ನಲ್ಲಿ ಅದೇ ಅಲ್ವಾ ಇದ್ದದ್ದು?

ಅಕ್ಕನ ಮಗ: ಅದು 1958!!

ಚಿಕ್ಕಪ್ಪ: ಫಾರ್ವರ್ಡ್‌ನಲ್ಲಿ ಇಸವಿ ಹಾಕಿಲ್ಲ.

ದೊಡ್ಡಪ್ಪ: ನನ್ನ ಪರ ಮಾತಾಡಬೇಡ ಅಂದೆನಲ್ಲ.

ಅಕ್ಕನ ಮಗ: ಈಗಲೂ ಚೀಟಿ ಎತ್ತುತ್ತಾರೆ, ಯಾರು ಯಾವ ಗುಂಪಿಗೆ ಅಂತ ತೀರ್ಮಾನ ಮಾಡೋಕೆ. ಸೀಟು ಕೊಡೋಕೆ ಅಲ್ಲ. ದಕ್ಷಿಣ ಅಮೆರಿಕದಲ್ಲಿ ಗುಂಪೇ ಇಲ್ಲ, ಹತ್ತೂ ದೇಶ ಒಬ್ಬರ ಮನೆಗೆ ಒಬ್ಬರು ಹೋಗಿ ತಲಾ 18 ಪಂದ್ಯ ಆಡುತ್ತಾರೆ. ಹೆಸರಿಗೂ ಬೆಲೆ ಇಲ್ಲ. ಇಟಲಿ ನಾಲ್ಕು ಸಲ ವಿಶ್ವಕಪ್ ಗೆದ್ದ ತಂಡ. 2018ಕ್ಕೂ ಬರಲಿಲ್ಲ, 2022ಕ್ಕೂ ಬರಲಿಲ್ಲ. ಕಪ್ ಗೆದ್ದವರೂ 2006ರಿಂದ ಮತ್ತೆ ಆಡಿಯೇ ಬರಬೇಕು.

ಅತ್ತೆಯ ಮಗ: ಇಟಲಿ ಅಂದಾಗ ನೆನಪಾಯ್ತು

ಅವನಿಗೆ ಏನು ನೆನಪಾಯಿತು ಅಂತ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅತ್ತೆ ಬೇರೆ ಯಾರದೋ ಮಗುವಿನ ಫೋಟೊ ಹಾಕಿದರು. ಎಲ್ಲರೂ ಅದರ ಮೂಗು ಯಾರ ಥರ ಇದೆ ಅನ್ನುವುದರಲ್ಲಿ ಮುಳುಗಿದರು. ದೊಡ್ಡಪ್ಪ ತಮ್ಮ ಥರ ಅಂದರು. ಚಿಕ್ಕಪ್ಪ ಅಲ್ಲ ಅಂದರು.

ರಾತ್ರಿ ಊಟವಾದ ಮೇಲೆ ಅತ್ತಿಗೆ ಮತ್ತೆ ಬಂದರು.

ಅತ್ತಿಗೆ: ಬೆಳಗ್ಗೆ ಎರಡು ಸೀಟು ಕೇಳಿದ್ದೆ. ಯಾರೂ ಹೇಳಲಿಲ್ಲ.

ಅಕ್ಕನ ಮಗ: ಸಾರಿ ಅತ್ತೆ. ಆ ಎರಡು ಸೀಟಿಗೆ ಖಂಡಗಳ ನಡುವೆ ಪ್ಲೇಆಫ್, ಅಂದರೆ ಕೊನೆಯ ಅರ್ಹತಾ ಪಂದ್ಯಗಳು. ಯುರೋಪ್ ಇಲ್ಲ. ಉಳಿದ ಐದು ಒಕ್ಕೂಟದಿಂದ ಒಂದೊಂದು ತಂಡ, ಆತಿಥೇಯರ ಒಕ್ಕೂಟದಿಂದ ಇನ್ನೊಂದು, ಒಟ್ಟು ಆರು. ಏಷ್ಯಾದಿಂದ ಅಲ್ಲಿಗೆ ಹೋದದ್ದು ಇರಾಕ್. ಅದಕ್ಕೂ ಯುಎಇ ವಿರುದ್ಧ ಕೊನೇ ಕ್ಷಣದ ತನಕ ಒದ್ದಾಡಿ, ಇಂಜುರಿ ಟೈಮ್‌ನಲ್ಲಿ ಪೆನಾಲ್ಟಿ ಸಿಕ್ಕಿ ಗೆದ್ದರು. 90 ನಿಮಿಷ ಮುಗಿದು 17ನೇ ನಿಮಿಷ.

ಅತ್ತಿಗೆ: ಅಂದರೆ ಏಷ್ಯಾಗೆ ಎಂಟು ಸೀಟು, ಜೊತೆಗೆ ಒಂದು ಅವಕಾಶ. ಹಿಂದೆ ಎಷ್ಟಿತ್ತು?

ಅಕ್ಕನ ಮಗ: 2022ರಲ್ಲಿ ನೇರ ನಾಲ್ಕು, ಆತಿಥೇಯ ಕತಾರ್ ಬೇರೆ. ಈಗ ಎಂಟು ಆಗಿದ್ದಕ್ಕೇ ಉಜ್ಬೇಕಿಸ್ತಾನ, ಜೋರ್ಡಾನ್ ಥರದವರು ಮೊದಲ ಸಲ ಹೋಗ್ತಿರೋದು. ನಮ್ಮದು ಎರಡನೇ ಸುತ್ತಿನಲ್ಲೇ ಮುಗಿಯಿತು. ಒಂಬತ್ತು ಗುಂಪು, ಗುಂಪಿಗೆ ಇಬ್ಬರು ಮುಂದಕ್ಕೆ. ಕತಾರ್ 16 ಅಂಕ, ಕುವೈತ್ 7, ನಾವು 5. ಕುವೈತನ್ನು ಅವರ ಊರಲ್ಲೇ 1-0 ಸೋಲಿಸಿದ್ದೆವು. ಕೋಲ್ಕತ್ತದಲ್ಲಿ ಛೆಟ್ರಿ ವಿದಾಯ ಹೇಳಿದ ಪಂದ್ಯ (2025ರಲ್ಲಿ ಮತ್ತೆ ವಾಪಸ್ ಬಂದರು ಬಿಡಿ), ಅದೇ ಕುವೈತ್ ಜೊತೆ 0-0.

ಅತ್ತಿಗೆ: ಹಾಗಾದರೆ ದೊಡ್ಡಮಾವನ ಫಾರ್ವರ್ಡ್‌ನಲ್ಲಿ ಕುರಸಾವೊ ಹೆಸರು ಯಾಕಿದೆ? ನಮಗಿಂತ ಎರಡು ಅಂಕ ಜಾಸ್ತಿ ತಗೊಂಡು ಮುಂದೆ ಹೋದವರು ಕುವೈತ್ ಅಲ್ವಾ?

ಎರಡು ನೀಲಿ ಗೆರೆ ಮೂಡಿದವು. ಎಲ್ಲರೂ ಓದಿದ್ದರು. ತುಂಬ ಹೊತ್ತಿನ ತನಕ ಯಾರೂ ಏನೂ ಬರೆಯಲಿಲ್ಲ. ಆಮೇಲೆ ದೊಡ್ಡಪ್ಪ ಟೈಪ್ ಮಾಡತೊಡಗಿದರು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು.

ದೊಡ್ಡಪ್ಪ: ಕುವೈತ್‌ನ ಜನಸಂಖ್ಯೆ ಎಷ್ಟು?