ಅಟ್ಟಿಸಿಕೊಂಡು ಬಂದವರು ಯಾರು?

ನಾಣಿ ಫೋನನ್ನು ಶಾಮಣ್ಣನ ಮೂಗಿನ ಹತ್ತಿರ ಹಿಡಿದ. ಹಸಿರು ಗುಡ್ಡದ ಚಿತ್ರ, ಅದರ ಮೇಲೆ ಸೊಟ್ಟಂಪಟ್ಟ ಒಂದು ಕೆಂಪು ಗೀಟು.

"ಏನಿದು, ಯಾರ ಇಸಿಜಿ?"

"ರೂಟ್ ಶಾಮಣ್ಣ! ಅಭಯಾರಣ್ಯದ ಒಳಗಿನ ಟ್ರೇಲ್ ಓಟ, ಕಾಡಿನ ಕಾಲುದಾರಿಯಲ್ಲಿ ಓಡುವುದು. 32 ಕಿಲೋಮೀಟರ್, 1,800 ಮೀಟರ್ ಏರು. ಲಾಲಿಪಾಪ್."

"ಮುಗಿಸಿದವರಿಗೆ ಕೊಡುತ್ತಾರಾ?"

"ಅಯ್ಯೋ, ಅದು ದಾರಿಯ ಆಕಾರ. ಮೊದಲು ಕಡ್ಡಿಯ ಹಾಗೆ ನೇರ, ಆಮೇಲೆ ಗುಡ್ಡಕ್ಕೊಂದು ಸುತ್ತು, ಮತ್ತೆ ಅದೇ ಕಡ್ಡಿಯಲ್ಲಿ ವಾಪಸ್. ಪೂರ್ತಿ ಸುತ್ತೇ ಆದರೆ ಲೂಪ್. ಹೋದ ದಾರಿಯಲ್ಲೇ ತಿರುಗಿ ಬಂದರೆ ಔಟ್ ಅಂಡ್ ಬ್ಯಾಕ್."

"ಒಟ್ಟಿನಲ್ಲಿ ಯಾವ ಆಕಾರದಲ್ಲಿ ಓಡಿದರೂ ಹೊರಟ ಜಾಗಕ್ಕೇ ಬರುತ್ತೀಯ. ಆಗಲಿ. ನನ್ನದು ಒಂದೇ ಪ್ರಶ್ನೆ. ಅಟ್ಟಿಸಿಕೊಂಡು ಬಂದವರು ಯಾರು?"

"ಯಾರೂ ಇಲ್ಲ."

"ಮತ್ಯಾಕೆ ಓಡುತ್ತೀಯ? ಕರಡಿ ಇರುವ ಕಾಡುಗಳ ಬಾಗಿಲಲ್ಲಿ ಬೋರ್ಡ್ ಹಾಕಿರುತ್ತಾರೆ, ಓದಿದ್ದೀಯಾ? ಕರಡಿ ಕಂಡರೆ ಓಡಬೇಡಿ. ಪ್ಯೂಮಾ ಕಂಡರೆ ಓಡಬೇಡಿ. ಕಂಡಾಗಲೇ ಓಡಬಾರದು ಅಂತಾರೆ. ನೀನು ಏನೂ ಕಾಣದೆ ಓಡುತ್ತೀಯ."

"ಕರಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು" ಎಂದು ಮೂರ್ತಿ ಮಾಹಿತಿ ಸೇರಿಸಿದ.

"ಅದೂ ವಾಚ್ ಕಟ್ಟಿಕೊಳ್ಳದೆ" ಎಂದರು ಶಾಮಣ್ಣ.

ನಾಣಿ ಮಣಿಕಟ್ಟಿನ ಮೇಲಿದ್ದ ದಪ್ಪ ವಾಚನ್ನು ಮೆಲ್ಲಗೆ ತೋಳಿನೊಳಗೆ ಸರಿಸಿದ. ಆದರೆ ಶಾಮಣ್ಣನ ಕಣ್ಣಿಗೆ ಬಿದ್ದದ್ದು ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳುವುದಿಲ್ಲ.

"ಹೋದ ವಾರ ಹೋಗಿದ್ದೆಯಲ್ಲ, ಏನು ನೋಡಿದೆ?"

"ಹಾರ್ಟ್ ರೇಟ್ 168ರ ಮೇಲೆ ಹೋಗಲೇ ಇಲ್ಲ."

"ಕಾಡು ಹೇಗಿತ್ತು?"

"ಕಾಡಾ? ಇತ್ತು."

ಗೀತಕ್ಕ ನಕ್ಕುಬಿಟ್ಟರು. ನಾಣಿಗೆ ರೇಗಿತು. "ನೋಡಿ, ಟ್ರೇಲ್‌ನಲ್ಲಿ ತಲೆ ಎತ್ತಿದರೆ ಬಿದ್ದೆವು ಅಂತಲೇ ಲೆಕ್ಕ. ಬೇರು, ಕಲ್ಲು, ಒದ್ದೆ ಎಲೆ. ಕಣ್ಣು ಯಾವಾಗಲೂ ಮುಂದಿನ ಮೂರು ಹೆಜ್ಜೆಯ ಮೇಲಿರಬೇಕು."

"ಸರಿ ಬಿಡು. ಅಷ್ಟು ದೊಡ್ಡ ಅಭಯಾರಣ್ಯಕ್ಕೆ ಹೋಗಿ ಮೂರು ಹೆಜ್ಜೆ ಮಣ್ಣು ನೋಡಿಕೊಂಡು ಬಂದೆ."

"ಆದರೂ ಆ ಇಳಿಜಾರಿನ ತಿರುವುಗಳಲ್ಲಿ ಅಡ್ಡ ಹಾಯ್ದು ಇಬ್ಬರನ್ನು ಹಿಂದೆ ಹಾಕಿದೆ!"

ಇದನ್ನು ಗೀತಕ್ಕನ ಮುಂದೆ ಹೇಳಬಾರದಿತ್ತು. "ಅಡ್ಡ ಹಾಯ್ದೆಯಾ? ಕಡಿದಾದ ಕಡೆ ದಾರಿಯನ್ನು ಹಾವಿನ ಹಾಗೆ ಸುತ್ತಿಸಿರುವುದು ಚಂದಕ್ಕಲ್ಲ ಕಣೋ. ನೀನು ಅಡ್ಡ ತುಳಿದ ಕಡೆ ಹುಲ್ಲು ಸಾಯುತ್ತದೆ. ಮಳೆ ಬಂದಾಗ ನೀರೂ ನಿನ್ನ ಹಾಗೇ ಯೋಚನೆ ಮಾಡುತ್ತದೆ, ನೇರ ಇಳಿಯುತ್ತದೆ, ಮಣ್ಣೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಶೂ ಆದರೂ ತೊಳೆದುಕೊಂಡು ಹೋಗಿದ್ದೆಯಾ?"

"ಕಾಡಿಗೆ ಹೋಗುವಾಗ ಶೂ ಯಾಕೆ ತೊಳೆಯಬೇಕು?"

"ನ್ಯೂಜಿಲೆಂಡಿನಲ್ಲಿ ಕೌರಿ ಮರಗಳಿಗೆ ಬೇರು ಕೊಳೆಯುವ ರೋಗ ಬಂದಿದೆ. ಶೂಗೆ ಅಂಟಿದ ಚಿಟಿಕೆ ಮಣ್ಣು ಸಾಕು, ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಡಿನ ಬಾಗಿಲಲ್ಲೇ ಬ್ರಷ್ ಇಟ್ಟಿದ್ದಾರೆ, ಒಳಗೆ ಹೋಗುವಾಗಲೂ ಉಜ್ಜಬೇಕು, ಬರುವಾಗಲೂ ಉಜ್ಜಬೇಕು. ಎಷ್ಟೋ ದಾರಿಗಳನ್ನು ಮುಚ್ಚಿಯೇ ಬಿಟ್ಟಿದ್ದರು."

"ನೋಡಿದೆಯಾ, ಕೊನೆಗೂ ಅಟ್ಟಿಸಿಕೊಂಡು ಹೋದವನು ಸಿಕ್ಕ. ಮರಗಳೇ ಓಡಬೇಕು, ಪಾಪ, ಕಾಲಿಲ್ಲ" ಎಂದರು ಶಾಮಣ್ಣ.

ಮೂರ್ತಿ ಗಂಟಲು ಸರಿಮಾಡಿಕೊಂಡ. ಇನ್ನು ಹತ್ತು ನಿಮಿಷ ಅವನದೇ.

"ಶಾಮಣ್ಣ, ಚರಿತ್ರೆ ಗೊತ್ತಿಲ್ಲದೆ ಆಡಿಕೊಳ್ಳಬಾರದು. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ 24 ಗಂಟೆಯೊಳಗೆ 100 ಮೈಲಿ ಮುಗಿಸುವ ಕುದುರೆ ಪಂದ್ಯ ಇದೆ. 1973ರಲ್ಲಿ ಗಾರ್ಡಿ ಐನ್ಸ್ಲೀ ಎನ್ನುವವನ ಕುದುರೆ ನಡುದಾರಿಯಲ್ಲಿ ಕುಂಟಿತು. ಮುಂದಿನ ವರ್ಷ ಅವನು ಕುದುರೆಗಳ ಜೊತೆ ತಾನೇ ಓಡಿದ. 24 ಗಂಟೆಯೊಳಗೆ ಮುಗಿಸಿಯೂ ಬಿಟ್ಟ. ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಹಾಗೆ. ಗಡುವಿನೊಳಗೆ ಮುಗಿಸಿದವರಿಗೆ ಇವತ್ತಿಗೂ ಬೆಲ್ಟಿನ ಬಕಲ್ ಕೊಡುತ್ತಾರೆ."

"ಚಡ್ಡಿ ಹಾಕಿಕೊಂಡು ಓಡುವವರಿಗೆ ಬಕಲ್ ಕೊಟ್ಟು ಏನು ಮಾಡುವುದು? ಹೋಗಲಿ, ಅವನಿಗೆ ಒಂದು ಕಾರಣ ಇತ್ತು. ಕುದುರೆ ಕುಂಟಿತ್ತು. ನಾಣಿ, ನಿನ್ನ ಯಾವ ಕುದುರೆ ಕುಂಟಿದೆ?"

"ಇನ್ನೊಂದಿದೆ" ಎಂದ ಮೂರ್ತಿ. "ಬಾರ್ಕ್ಲಿ ಓಟ. ಅಮೆರಿಕದ ಟೆನೆಸ್ಸಿಯ ಫ್ರೋಜನ್ ಹೆಡ್ ಕಾಡಿನಲ್ಲಿ. ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೊಂದ ಜೇಮ್ಸ್ ಅರ್ಲ್ ರೇ 1977ರಲ್ಲಿ ಅಲ್ಲಿನ ಜೈಲಿನಿಂದ ತಪ್ಪಿಸಿಕೊಂಡ. ಎರಡು ದಿನ ಮೀರಿ ಕಾಡಿನಲ್ಲಿ ಅಲೆದರೂ ಹೆಚ್ಚು ದೂರ ಹೋಗಲಾಗದೆ ಸಿಕ್ಕಿಬಿದ್ದ. ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ 100 ಮೈಲಿ ಹೋಗುತ್ತಿದ್ದೆ ಎಂದು ಒಬ್ಬನಿಗೆ ಅನಿಸಿತು. 1986ರಲ್ಲಿ ಓಟ ಶುರುಮಾಡಿದ. ಐದು ಸುತ್ತು, 60 ಗಂಟೆ. ದಾರಿಗೆ ಗುರುತಿಲ್ಲ, ಜಿಪಿಎಸ್ ಇಲ್ಲ. ಕಾಡಿನಲ್ಲಿ ಅಲ್ಲಲ್ಲಿ ಪುಸ್ತಕ ಬಚ್ಚಿಟ್ಟಿರುತ್ತಾರೆ, ನಿಮ್ಮ ನಂಬರಿನ ಪುಟ ಹರಿದು ತರಬೇಕು. ಎಷ್ಟೋ ವರ್ಷ ಒಬ್ಬರೂ ಮುಗಿಸುವುದಿಲ್ಲ. 2024ರಲ್ಲಿ ಜಾಸ್ಮಿನ್ ಪ್ಯಾರಿಸ್ ಮುಗಿಸಿದ ಮೊದಲ ಹೆಂಗಸು ಆದಳು, ಗಡುವಿಗೆ 99 ಸೆಕೆಂಡ್ ಬಾಕಿ ಇತ್ತು. ಹೊರಡುವ ಒಂದು ಗಂಟೆ ಮುಂಚೆ ಶಂಖ ಊದುತ್ತಾರೆ."

"ಶಂಖ ಊದಿದ ಮೇಲೆ ಓಡುವುದೇನು, ಎತ್ತಿಕೊಂಡು ಹೋಗುವುದೇ! ಆದರೆ ನನ್ನ ಮಾತನ್ನೇ ನೀನು ಹೇಳುತ್ತಿದ್ದೀಯ ಮೂರ್ತಿ. ಜೈಲಿನಿಂದ ಓಡಿದವನ ಹಿಂದೆ ಪೊಲೀಸರಿದ್ದರು. ಇವರ ಹಿಂದೆ?"

ನಾಣಿ ಕೊನೆಯ ಅಸ್ತ್ರ ತೆಗೆದ. "ಪೂರ್ತಿ ಓಡುವುದಿಲ್ಲ ಶಾಮಣ್ಣ. ಕಡಿದಾದ ಏರಿನಲ್ಲಿ ಹೆಚ್ಚಿನವರು ಓಡುವುದಿಲ್ಲ. ಯುರೋಪಿನ ಮೌಂಟ್ ಬ್ಲಾಂಕ್ ಪರ್ವತ ಸುತ್ತುವ ಓಟದಲ್ಲಿ ಒಟ್ಟು ಏರು ಸುಮಾರು 10,000 ಮೀಟರ್. ಎವರೆಸ್ಟ್‌ಗಿಂತ ಜಾಸ್ತಿ. ಅಲ್ಲಿ ಗೆಲ್ಲುವವರೂ ಕಡಿದಾದ ಕಡೆ ಪವರ್ ಹೈಕ್ ಮಾಡುತ್ತಾರೆ."

"ಹಾಗೆಂದರೆ?"

"ಕೈಯಲ್ಲಿ ಕೋಲು ಹಿಡಿದು, ಸ್ವಲ್ಪ ಬಗ್ಗಿ, ದೊಡ್ಡ ಹೆಜ್ಜೆ ಹಾಕಿ..."

"ನಡೆಯುತ್ತಾರೆ."

"ನಡೆಯುತ್ತಾರೆ."

"ದುಡ್ಡು ಕೊಟ್ಟು, ಎದೆಗೆ ನಂಬರ್ ಅಂಟಿಸಿಕೊಂಡು, ಕೋಲು ಹಿಡಿದು ಬಗ್ಗಿ ನಡೆಯುತ್ತಾರೆ. ನಾನು ಅದನ್ನೇ ಬಿಟ್ಟಿಯಾಗಿ ಮಾಡಿದರೆ ವಯಸ್ಸಾಯಿತು ಅಂತೀರಿ."

ಎಲ್ಲರೂ ನಕ್ಕರು. ನಾಣಿಯೂ ನಕ್ಕ. ಗೀತಕ್ಕ ಮಾತು ಬದಲಿಸಲು, "ಆ ದೊಡ್ಡ ಓಟವನ್ನು ಅರ್ಧಕ್ಕೆ ಬಿಟ್ಟೆಯಲ್ಲ, ಮಂಡಿ ಈಗ ಹೇಗಿದೆ?" ಎಂದು ಕೇಳಿದರು.

"ಮಂಡಿ ಚೆನ್ನಾಗಿಯೇ ಇತ್ತು ಗೀತಕ್ಕ" ಎಂದ ನಾಣಿ. "ಕೇಳಿದವರಿಗೆ ಮಂಡಿ ಅಂತ ಹೇಳುವುದು ಸುಲಭ ಅಲ್ವಾ. ಅದು ಎರಡನೇ ರಾತ್ರಿ. ತಲೆಗೆ ಕಟ್ಟಿದ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಒಂದು ತಿರುವಿನಲ್ಲಿ ನಮ್ಮಪ್ಪ ಕೂತಿದ್ದರು. ಕೈ ಎರಡೂ ಮಂಡಿಯ ಮೇಲೆ, ಹಾಗೇ."

ನಾಣಿಯ ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

"ನಿದ್ದೆಗೆಟ್ಟಾಗ ಹಾಗಾಗುತ್ತದೆ" ಎಂದು ಮೂರ್ತಿ ಶುರುಮಾಡಿದ. "ಮರದ ಬೊಡ್ಡೆ, ಬಂಡೆ ಎಲ್ಲ ಮನುಷ್ಯರಾಗಿ ಕಾಣುವುದು ದೂರದ ಓಟಗಾರರಲ್ಲಿ ತುಂಬಾ..."

"ಮೂರ್ತಿ, ಒಂದು ನಿಮಿಷ ಸುಮ್ನೆ ಇರ್ತೀರಾ?" ಎಂದರು ಗೀತಕ್ಕ.

"ಬೊಡ್ಡೆ ಅಂತ ನನಗೂ ಗೊತ್ತಿತ್ತು" ಎಂದ ನಾಣಿ. "ಆದರೂ ಕೇಳಿದರು. 'ಯಾಕೋ ಹೀಗೆ ಓಡುತ್ತಿದ್ದೀಯ? ಅಟ್ಟಿಸಿಕೊಂಡು ಬಂದವರು ಯಾರು?' ಅಂತ. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತುಬಿಟ್ಟೆ. ಗಡುವು ದಾಟಿಹೋಯಿತು."

ಶಾಮಣ್ಣ ಕನ್ನಡಕ ತೆಗೆದು ಒರೆಸಿದರು. ಅಷ್ಟೇನೂ ಕೊಳೆಯಾಗಿರಲಿಲ್ಲ.

"ನಿನ್ನ ವಾಚ್ ಏನಂತು?"

"ತಾನೇ ನಿಂತಿತು. ಕೂತ ಹೊತ್ತನ್ನು ಅದು ಓಟದ ಲೆಕ್ಕಕ್ಕೆ ಹಿಡಿಯುವುದಿಲ್ಲ."

"ಕತ್ತೆ ವಾಚ್! ಹಿಡಿಯಬೇಕಾದದ್ದು ಅದೊಂದೇ ಇತ್ತು" ಎಂದರು ಶಾಮಣ್ಣ. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಅಲ್ಲ ಎನ್ನುವ ಹಾಗೆ, "ಆ ಲಾಲಿಪಾಪ್‌ಗೆ ಎಷ್ಟು ಗಂಟೆ ಕೊಡುತ್ತಾರೆ?" ಎಂದರು.

"ಎಂಟು. ಯಾಕೆ?"

"ನಡೆದರೆ?"

ಮೂರ್ತಿಯ ಬೆರಳುಗಳು ಆಗಲೇ ಎಣಿಸುತ್ತಿದ್ದವು. "ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲೇ ಸೂತ್ರ ಕೊಟ್ಟಿದ್ದಾನೆ. ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 9 ಗಂಟೆ 24 ನಿಮಿಷ. ಅದೂ ಎಲ್ಲೂ ಕೂರದೆ. ಆಗುವುದಿಲ್ಲ ಶಾಮಣ್ಣ."

"ಓಟದ ದಿನ ಬೇಡ ಬಿಡಿ" ಎಂದ ನಾಣಿ. "ಬೇರೆ ದಿನ ಹೋಗೋಣ. ಸುತ್ತೂ ಬೇಡ, ಕಡ್ಡಿಯಲ್ಲಿ ಹೋಗಿ ಕಡ್ಡಿಯಲ್ಲಿ ಬರೋಣ."

"ಬರುತ್ತೇನೆ. ಆ ವಾಚನ್ನು ಮಾತ್ರ ಮನೆಯಲ್ಲಿಟ್ಟು ಬಾ."

"ಹಾಗಾದರೆ ಟೈಮ್ ಎಷ್ಟು, ದೂರ ಎಷ್ಟು ಅಂತ ಗೊತ್ತಾಗುವುದು ಹೇಗೆ?"

"ಮೂರ್ತಿ ಬರುತ್ತಾನಲ್ಲ. ಕೇಳದಿದ್ದರೂ ಹೇಳುತ್ತಾನೆ."