ನನ್ನ ಸಹಿಗೆ ನಾಲ್ಕು ಸಾವಿರ, ಸಹಿ ಇಲ್ಲದ್ದಕ್ಕೆ ಲಕ್ಷ. ಇನ್ನೂ ಮೂರು ಬರೆಯಲಾ?

ಬಣ್ಣದಡಬ್ಬಿ, ಮಡಿಕೇರಿ:

ಎಲ್ಲರಿಗೂ ನಮಸ್ಕಾರ. ಹೋಮ್‌ಸ್ಟೇಗಳಿಗೆ ಬೋರ್ಡು ಬರೆಯುವುದು, ಗೋಡೆ ಮೇಲೆ ಆನೆ, ಕಾಫಿ ಹೂವು, ಪೀಚೆಕತ್ತಿ ಸಿಕ್ಕಿಸಿದ ಮದುಮಗನನ್ನು ಬರೆಯುವುದು ನನ್ನ ಹೊಟ್ಟೆಪಾಡು. ಹದಿನೆಂಟು ವರ್ಷ ಆಯ್ತು. ನನ್ನ ಸ್ವಂತದ್ದು ಅಂತ ಬರೆದ ಚಿತ್ರಗಳೂ ಇವೆ. ಎಲ್ಲ ಎಣ್ಣೆ ಬಣ್ಣ, ಹೆಚ್ಚಾಗಿ ಮಳೆ, ಮಂಜು. ಬೆಂಗಳೂರಿನ ಚಿತ್ರಸಂತೆಗೆ ಎರಡು ಸಲ ಹೋಗಿದ್ದೆ. ಕುಮಾರಕೃಪಾ ರಸ್ತೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತರೂ ಎರಡೂ ಸಲ ಸೇರಿ ಮಾರಿದ್ದು ಒಂದೇ ಚಿತ್ರ. 4,000 ರೂಪಾಯಿ. ಫ್ರೇಮಿಗೇ 1,600 ಆಗಿತ್ತು.

ಹಳೇ ಮರದ ಸಾಮಾನು, ಹಿತ್ತಾಳೆ ಪಾತ್ರೆ ವ್ಯಾಪಾರ ಮಾಡುವ ಒಬ್ಬರು ಹೋದ ವರ್ಷ ಮನೆಗೆ ಬಂದರು. ಓಂಕಾರೇಶ್ವರ ದೇವಸ್ಥಾನ, ಮುಂದೆ ಕೆರೆ, ಬ್ರಿಟಿಷ್ ದೊರೆ ಯಾರೋ ಬರೆದ ಹಾಗೆ ಒಂದು ಚಿತ್ರ ಬೇಕು ಅಂದರು. ‘1820ರಲ್ಲಿ ಲಿಂಗರಾಜ ಕಟ್ಟಿಸಿದ ಗುಡಿ. ಆಮೇಲೆ ಬಂದ ಯಾವ ದೊರೆ ಬೇಕಾದರೂ ಕೂತು ಬರೆದಿರಬಹುದಲ್ವಾ?’ ಸಹಿ ಬೇಡವಂತೆ. ಯಾವುದೋ ಹಾಳಾದ ಚಿತ್ರದ ಹಳೇ ಕ್ಯಾನ್ವಾಸನ್ನು ಅವರೇ ತಂದಿದ್ದರು. ಸುಮ್ನೆ ಅಲಂಕಾರಕ್ಕೆ ಅಂದರು. ನಾನೂ ಪೂರ್ತಿ ನಂಬಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 12,000 ಕೊಟ್ಟರು.

ಕಕ್ಕಡ ತಿಂಗಳಲ್ಲಿ ಬರೆದೆ. ಆ ಮಳೆಗೆ ಎಣ್ಣೆ ಬಣ್ಣ ಒಣಗುತ್ತಾ? ಒಲೆ ಮೇಲಿನ ಅಟ್ಟದಲ್ಲಿ ಇಟ್ಟೆ. ಹೊಗೆ ಹಿಡಿಯಿತು, ಬೆನ್ನಿಗೆ ಬೂಸ್ಟು ಬಂತು. ನೂರು ವರ್ಷದ ಕಳೆ ಎರಡೇ ತಿಂಗಳಲ್ಲಿ ಬಂದುಬಿಟ್ಟಿತು. ‘ಇದು ನೀವು ಬರೆದ ಹಾಗೇ ಇಲ್ಲ’ ಅಂದಳು ಹೆಂಡತಿ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಹೋದ ತಿಂಗಳು ಒಂದು ರೆಸಾರ್ಟಿಗೆ ಬೋರ್ಡು ಬರೆಯಲು ಹೋದರೆ, ಅದು ಅಲ್ಲಿ ನೇತಾಡುತ್ತಿದೆ! ಮೇಲೊಂದು ಲೈಟು. ಕೆಳಗೆ ಹಿತ್ತಾಳೆ ತಗಡು: ‘ಮಡಿಕೇರಿ, ಸುಮಾರು 1890’. 1.75 ಲಕ್ಷ ಕೊಟ್ಟು ತಂದದ್ದು ಅಂತ ಮ್ಯಾನೇಜರು ಹೆಮ್ಮೆಯಿಂದ ಹೇಳಿದರು. ಪ್ರವಾಸಿಯೊಬ್ಬರು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದು, ‘ಈಗ ಯಾರು ಹೀಗೆ ಮಂಜು ಬರೀತಾರೆ ಹೇಳಿ’ ಅಂದರು. ನಾನು ಪಕ್ಕದಲ್ಲೇ ಏಣಿ ಹಿಡಿದುಕೊಂಡು ನಿಂತಿದ್ದೆ.

ನನಗೆ ನಾಚಿಕೆ ಆಗಲಿಲ್ಲ. ಖುಷಿ ಆಯ್ತು. ನಿದ್ದೆ ಕೆಟ್ಟಿರುವುದು ಅದಕ್ಕೇ. ಈಗ ಆ ವ್ಯಾಪಾರಿ ಇನ್ನೂ ಮೂರು ಕೇಳುತ್ತಿದ್ದಾರೆ, ಒಂದಕ್ಕೆ 30,000. ಏನು ಮಾಡಲಿ?

ರೊಬಸ್ಟಾರಾಜ:

ಮೂರೂ ಬರೀರಿ ಗುರುವೇ. ರೆಸಾರ್ಟಿನವರು ತೋರಿಸುವ ಮಂಜೂ ಅರ್ಧ ಫೋಟೋದಲ್ಲೇ ಇರೋದು. ಆದರೆ 30 ಅಲ್ಲ, 60 ಕೇಳಿ.

ಸೀಮೆಸುಣ್ಣ, ವಿರಾಜಪೇಟೆ:

ತಮ್ಮಾ, ನಾನು ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು. ರಾಜನ ಮಾತು ಕಟ್ಟಿಕೊಳ್ಳಬೇಡ. ಮೊದಲು ಇದು ಹೇಳು, ಮಂಜಿಗೆ ಯಾವ ಬಿಳಿ ಹಾಕಿದೆ?

ಯಾಕೆ ಕೇಳಿದೆ ಅಂದರೆ, ಟೈಟಾನಿಯಂ ಬಿಳಿ ಚಿತ್ರ ಬರೆಯುವವರ ಕೈಗೆ ಬಂದದ್ದೇ 1920ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಸೀಸದ ಬಿಳಿ, ಸತುವಿನ ಬಿಳಿ. ಜರ್ಮನಿಯಲ್ಲಿ ಬೆಲ್ಟ್ರಾಕಿ ಅಂತ ಒಬ್ಬ ಮಹಾ ಕಿಲಾಡಿ ಇದ್ದ. 1914ರದ್ದು ಅಂತ ಅವನು ಬರೆದ ಒಂದು ಕುದುರೆಗಳ ಚಿತ್ರ 2006ರಲ್ಲಿ 28 ಲಕ್ಷ ಯೂರೋಗೂ ಜಾಸ್ತಿಗೆ ಹೋಯಿತು. ಅವನು ಬಳಸಿದ ಸತುವಿನ ಬಿಳಿಯ ಟ್ಯೂಬಿನಲ್ಲಿ ಟೈಟಾನಿಯಂ ಬೆರೆತಿತ್ತು, ಲೇಬಲ್ಲಿನಲ್ಲಿ ಹೇಳಿರಲಿಲ್ಲ. ಅಲ್ಲಿಂದ ಎಲ್ಲ ಬಿಚ್ಚಿಕೊಂಡಿತು. 2011ರಲ್ಲಿ ಆರು ವರ್ಷ ಶಿಕ್ಷೆ. ಅವನದ್ದೇ ಹಾಗಾದರೆ ನಿನ್ನ ಚಿತ್ರ ಎಷ್ಟು ದಿನ ನಿಲ್ಲುತ್ತೆ? ಅದು ಒಂದು ವರ್ಷದ ಎಣ್ಣೆ ಬಣ್ಣ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರೆ ಎದ್ದು ಬರುತ್ತೆ.

ಇನ್ನು ನಿನ್ನ ಖುಷಿಯ ವಿಷಯ. ಹಾಲೆಂಡಿನ ಹಾನ್ ವಾನ್ ಮೀಗೆರೆನ್‌ಗೂ ನಿನ್ನದೇ ಕಾಯಿಲೆ. ವಿಮರ್ಶಕರು ಇವನಲ್ಲಿ ಸ್ವಂತದ್ದು ಏನೂ ಇಲ್ಲ ಅಂದರು. ಸೇಡಿಗೆ 17ನೇ ಶತಮಾನದ ಚಿತ್ರಕಾರ ವರ್ಮೀರ್ ಹೆಸರಲ್ಲಿ ಬರೆಯಲು ಕೂತ. ಸ್ಪಿರಿಟಿಗೆ ಜಗ್ಗದಿರಲಿ ಅಂತ ಬಣ್ಣಕ್ಕೆ ಬೇಕಲೈಟ್ ಮಾಡುವ ರಾಸಾಯನಿಕ ಬೆರೆಸಿ ಓವನ್ನಿನಲ್ಲಿ ಬೇಯಿಸಿದ. 1937ರಲ್ಲಿ ಬ್ರೆಡಿಯಸ್ ಅನ್ನುವ ದೊಡ್ಡ ಪಂಡಿತರೇ ಅದನ್ನು ಅಸಲಿ ಅಂದರು. ರಾಟರ್‌ಡ್ಯಾಮ್‌ನ ಮ್ಯೂಸಿಯಂ ಸೇರಿತು. ಎಲ್ಲರೂ ಮೆಚ್ಚಿದ ಮೇಲೆ ‘ಬರೆದದ್ದು ನಾನು’ ಅಂತ ಹೇಳಿ ಮುಖಕ್ಕೆ ಹೊಡೆಯಬೇಕು ಅಂತಿದ್ದನಂತೆ. ದುಡ್ಡು ಬಂತು, ಬಾಯಿ ಮುಚ್ಚಿತು.

ಯುದ್ಧ ಮುಗಿದಾಗ, 1945ರಲ್ಲಿ, ದೇಶದ ಆಸ್ತಿಯಾದ ಒಂದು ‘ವರ್ಮೀರ್’ ಚಿತ್ರವನ್ನು ನಾಜಿ ನಾಯಕ ಗೋರಿಂಗ್‌ಗೆ ಮಾರಿದ ಅಂತ ಹಿಡಿದರು. ಆಗ ನಾನೇ ಬರೆದದ್ದು ಅಂದ. ಸುಲಭಕ್ಕೆ ಯಾರು ನಂಬುತ್ತಾರೆ? ಕಾವಲಿನವರ ಎದುರು ಕೂತು ಇನ್ನೊಂದು ‘ವರ್ಮೀರ್’ ಬರೆದು ತೋರಿಸಬೇಕಾಯಿತು. 1947ರಲ್ಲಿ ಒಂದು ವರ್ಷ ಶಿಕ್ಷೆ ಆಯ್ತು. ಜೈಲಿಗೆ ಹೋಗುವ ಮೊದಲೇ, ಅದೇ ಡಿಸೆಂಬರಿನಲ್ಲಿ ತೀರಿಕೊಂಡ.

ಆ ಚಿತ್ರಗಳ ಫೋಟೋ ಈಗ ಹುಡುಕಿ ನೋಡು. ಕಣ್ಣು ರೆಪ್ಪೆ ಎಲ್ಲ 1930ರ ಸಿನಿಮಾ ನಟಿಯರ ಹಾಗೆ! ಆಗಿನವರಿಗೆ ಕಾಣಲಿಲ್ಲ, ಯಾಕೆಂದರೆ ಅದು ಅವರ ಕಾಲದ್ದೇ ರುಚಿ. ನಿನ್ನ ಪ್ರವಾಸಿ ಮೆಚ್ಚಿದ್ದೂ ಇವತ್ತಿನ ಮಂಜನ್ನೇ ಇರಬೇಕು. ಸುಳ್ಳು ಹೇಳಿದ್ದು ಕೆಳಗಿನ ತಗಡು. ಮಂಜು ನಿನ್ನದು. ಅದನ್ನೂ ದೊರೆಗೆ ಬರೆದುಕೊಟ್ಟೆಯಲ್ಲ ಅಂತ ನನಗೆ ಸಿಟ್ಟು.

ನಕಲು ಮಾಡುವುದೇ ಪಾಪ ಅಂತಲ್ಲ. ನಾನೂ ರವಿವರ್ಮನ ಲಕ್ಷ್ಮಿ, ಸರಸ್ವತಿಯನ್ನು ನೋಡಿ ಬರೆದು ಊರಿನವರಿಗೆ ಕೊಟ್ಟಿದ್ದೇನೆ. ಕೆಳಗೆ ನನ್ನ ಹೆಸರಿದೆ. ಸರಸ್ವತಿಯ ವೀಣೆ ಸೊಟ್ಟ ಆದದ್ದೂ ನನ್ನ ಹೆಸರಿಗೇ ಇದೆ.

ಕರಿಕೋಟು, ಕುಶಾಲನಗರ:

ನೂರು ವರ್ಷ ದಾಟಿದ ಚಿತ್ರ ಅಂದರೆ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತೆ. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹೊಸದನ್ನು ಹಳೇದು ಅಂತ ಮಾರಿದರೆ ವಂಚನೆ. ನಾವು 420 ಅಂತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318. ಗೊತ್ತಿದ್ದೂ ಕೈ ಜೋಡಿಸಿದವರನ್ನೂ ಬಿಡುವುದಿಲ್ಲ. ಮೊದಲನೇ ಚಿತ್ರಕ್ಕೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ‘ಪೂರ್ತಿ ನಂಬಲಿಲ್ಲ’ ಅಂತ ನೀವೇ ಇಲ್ಲಿ ಬರೆದಿದ್ದೀರಿ. ಎರಡನೇದಕ್ಕೆ ಅದನ್ನೂ ಹೇಳಲಾಗುವುದಿಲ್ಲ.

ಬಣ್ಣದಡಬ್ಬಿ, ಮಡಿಕೇರಿ:

ಮೇಷ್ಟ್ರೇ, ನಿಮ್ಮ ಉತ್ತರ ಓದಿ ಎದ್ದು ಹೋಗಿ ಟ್ಯೂಬು ನೋಡಿದೆ. ಕ್ಯಾಮೆಲ್, ಟೈಟಾನಿಯಂ ವೈಟ್. ಮಂಜು ಪೂರ್ತಿ ಅದೇ. ಒಂದು ದೊಡ್ಡ ಟ್ಯೂಬು ಖಾಲಿ ಮಾಡಿದ್ದೆ. ಒಬ್ಬನೇ ಕೂತು ನಕ್ಕೆ. ಹೆಂಡತಿ ಏನಾಯ್ತು ಅಂತ ಬಂದಳು, ಅವಳಿಗೂ ಎಲ್ಲ ಹೇಳಿದೆ. ಅವಳು ನಗಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿ, ಬರೆದುಕೊಡುತ್ತೇನೆ, ಆದರೆ ಕೆಳಗೆ ನನ್ನ ಸಹಿ, ಈ ವರ್ಷದ ಇಸವಿ ಇರುತ್ತೆ ಅಂದೆ. ಹಾಗಾದರೆ 5,000 ಅಂದರು. ಬೇಡ ಅಂದೆ. ಇಟ್ಟಮೇಲೆ ಐದು ಸಾವಿರ ಸುಮ್ನೆ ಬಿಟ್ಟೆನಾ ಅಂತಲೂ ಅನ್ನಿಸಿತು.

ರೆಸಾರ್ಟಿನ ಮ್ಯಾನೇಜರಿಗೆ ಇನ್ನೂ ಹೇಳಿಲ್ಲ. ಬೋರ್ಡಿನ ದುಡ್ಡಿನಲ್ಲಿ 8,000 ಬಾಕಿ ಇದೆ. ಅದು ಕೈಗೆ ಬಂದ ಮೇಲೆ ಹೇಳೋಣ ಅಂತ. ಸಣ್ಣತನ, ಗೊತ್ತು.

ಸೀಮೆಸುಣ್ಣ, ವಿರಾಜಪೇಟೆ:

ಬಾಕಿ ಯಾವತ್ತು ಕೊಡ್ತಾರೆ ಕೇಳು. ಆವತ್ತು ನಾನೂ ಮಡಿಕೇರಿಗೆ ಬಸ್ಸು ಹತ್ತುತ್ತೇನೆ. ಅವರು ಅದನ್ನು ಗೋಡೆಯಿಂದ ಇಳಿಸುವ ಮೊದಲು ಆ ಮಂಜು ಒಮ್ಮೆ ನೋಡಬೇಕು.